ನಳಿಗೆ ನೇರ ಮಾಡುವವನ ಕೊನೆಯ ಚಳಿಗಾಲ

ನವೆಂಬರ್ 11, 1932, ಶುಕ್ರವಾರ

ಹೆಪ್ಸಿ ಹೊಸ ದಿನಚರಿ ಪುಸ್ತಕ ತಂದುಕೊಟ್ಟಿದ್ದಾಳೆ. ಗೆರೆ ಎಳೆದವನು ಕುಡಿದಿದ್ದನೋ ಏನೋ, ಪುಟದ ನಡುವಿಗೆ ಬಂದಾಗ ಗೆರೆಗಳೆಲ್ಲ ಸೊಂಟ ಬಳುಕಿಸುತ್ತವೆ. ಹಾಗೆಂದಿದ್ದಕ್ಕೆ, "ಮದ್ವೆ ಆದಾಗಿಂದ ನಾನು ತಂದ ಯಾವ ಸಾಮಾನು ನಿನಗೆ ಸರಿ ಬಂದಿದೆ ಹೇಳು, ಆರಿನ್ ಥ್ರಾಲ್" ಎಂದಳು. ನನ್ನ ಹೆಂಡತಿ ಪೂರ್ತಿ ಹೆಸರು ಹಿಡಿದು ಕರೆದಳೆಂದರೆ ಮಾತು ಮುಗಿಯಿತೆಂದು ಅರ್ಥ. ಬರೆಯುತ್ತಿದ್ದೇನೆ.

ಇವತ್ತು ಯುದ್ಧ ನಿಂತ ದಿನ. ಹನ್ನೊಂದು ಗಂಟೆಗೆ ಕಾರ್ಖಾನೆಯ ಶಿಳ್ಳೆ ಊದಿದರು. ಎಲ್ಲರೂ ಟೋಪಿ ತೆಗೆದು ನಿಂತೆವು. ನನಗೆ ಹದಿನೆಂಟನೇ ಇಸವಿ ಕಣ್ಣಿಗೆ ಕಟ್ಟಿತು. ಜರ್ಮನರ ವಿಮಾನಗಳಿಗೆ ಉಕ್ಕಿನ ತಗಡು ಬಂದಿದೆ, ಮಾಮೂಲಿ ಗುಂಡು ನಾಟುವುದಿಲ್ಲ, ಹೆಬ್ಬೆರಳು ಗಾತ್ರದ ಗುಂಡು ಹಾರಿಸುವ ಮಷಿನ್ ಗನ್ ಬೇಕು ಎಂದು ಸೈನ್ಯದವರು ಕೇಳಿದ್ದರು. ಅಂಥ ಮೊದಲ ಗನ್ನನ್ನು ನಾವು ಹೊತ್ತುಕೊಂಡು ಹೋಗಿ ಕನೆಕ್ಟಿಕಟ್ ನದಿಯಂಚಿನ ಹುಲ್ಲುಗಾವಲಿನಲ್ಲಿ ನಿಲ್ಲಿಸಿದ್ದು ಅದೇ ದಿನ ಬೆಳಿಗ್ಗೆ. ಅದರ ನಳಿಗೆಯನ್ನು ನೇರ ಮಾಡಿದವನು ನಾನು. ಉಕ್ಕನ್ನು ಕಾಯಿಸಿ ತಣಿಸಿ ಹದ ಕೊಟ್ಟವನು ಕುಲುಮೆಯ ಬ್ರೋನೆಕ್ ಕುಲೇಶಾ. ಗುಂಡಿನ ಪಟ್ಟಿ ಅರ್ಧ ಖಾಲಿಯಾಗುವಷ್ಟರಲ್ಲಿ ಊರಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗತೊಡಗಿದವು. "ಆಯ್ತಲ್ಲ, ಇನ್ನು ಈ ರಾಕ್ಷಸ ಯಾರಿಗೆ ಬೇಕು?" ಎಂದ ಬ್ರೋನೆಕ್. ಉಳಿದ ಗುಂಡುಗಳನ್ನು ನದಿಗೆ ಹಾರಿಸಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ಆಮೇಲೆ ಆ ಗನ್ ವರ್ಷಗಟ್ಟಲೆ ಅಟ್ಟದ ಮೇಲೆ ಗೋಣಿಚೀಲ ಹೊದ್ದು ಮಲಗಿತು.

ಎಂಥ ದಿನಗಳು ಅವು. ಎಲ್ಲರಿಗೂ ಕೆಲಸವಿತ್ತು, ಪುಸ್ತಕದ ಗೆರೆಗಳೂ ನೆಟ್ಟಗಿದ್ದವು.

ನವೆಂಬರ್ 24, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ. ಟರ್ಕಿ ಕೋಳಿ ಒಣಗಿತ್ತು, ಕುಂಬಳಕಾಯಿ ಕಡುಬು ಪರವಾಗಿಲ್ಲ.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯನ್ನು ತಡೆದು, ಅಕ್ಟೋಬರ್ ಬಿರುಗಾಳಿಗೆ ನಮ್ಮ ಚರ್ಚಿನ ಗೋಪುರ ನಡುವಿನಲ್ಲಿ ಬಾಗಿದೆ, ಯಾರ ತಲೆಯ ಮೇಲಾದರೂ ಬೀಳುವ ಮೊದಲು ನೋಡಿಸಿ ಎಂದೆ. ಅವರು ಕತ್ತೆತ್ತಿ ಬಹಳ ಹೊತ್ತು ನೋಡಿ, "ನಿಮ್ಮ ಕಣ್ಣು ನಮಗೆಲ್ಲಿ ಬರಬೇಕು ಥ್ರಾಲ್" ಎಂದರು. ನಿಜವೇ. ಈ ಕಣಿವೆಯಲ್ಲಿ ನೆಟ್ಟಗಿರುವುದು ಯಾವುದು, ಸೊಟ್ಟಗಿರುವುದು ಯಾವುದು ಎಂದು ಹೇಳಿ ನಾನು ನಲವತ್ತು ವರ್ಷ ಅನ್ನ ತಿಂದಿದ್ದೇನೆ.

ನನ್ನ ಕಸುಬು ಹೇಳಲು ಸುಲಭ. ಉತ್ತರದ ಕಿಟಕಿಯ ಗಾಜಿಗೆ ಅಡ್ಡಲಾಗಿ ಒಂದು ಕಪ್ಪು ದಾರ ಕಟ್ಟಿರುತ್ತದೆ. ನಳಿಗೆಯ ಒಂದು ತುದಿ ಕಿಟಕಿಯ ಕಡೆ, ಇನ್ನೊಂದು ತುದಿ ನನ್ನ ಬಲಗಣ್ಣಿಗೆ. ದಾರದ ನೆರಳು ನಳಿಗೆಯ ಒಳಮೈಯ ಉದ್ದಕ್ಕೂ ಬೀಳುತ್ತದೆ. ನೆರಳು ನೆಟ್ಟಗಿದ್ದರೆ ನಳಿಗೆಯೂ ನೆಟ್ಟಗೆ. ನೆರಳು ಎಲ್ಲಿ ಬಳುಕಿತೋ ಅಲ್ಲಿ ಮೇಜಿನ ಮೇಲಿನ ಒತ್ತುಯಂತ್ರದ ಚಕ್ರ ತಿರುಗಿಸಿ ಒತ್ತಬೇಕು. ಎಷ್ಟು ಒತ್ತಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ. ಆ ಗಾಜನ್ನು ಬೇರೆಯವರು ತೊಳೆಯುವಂತಿಲ್ಲ, ನನಗೂ ಕಿಟಕಿಗೂ ನಡುವೆ ಕಾರ್ಖಾನೆಯ ಒಡೆಯನೂ ನಿಲ್ಲುವಂತಿಲ್ಲ. ಎಡಗಣ್ಣು ಕೆಲಸ ಮಾಡಿ ಎಷ್ಟು ಕಾಲವಾಯಿತೋ. ಏನನ್ನಾದರೂ ಸರಿಯಾಗಿ ನೋಡಬೇಕೆಂದರೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಈಗ ಅಟ್ಟದ ರಾಕ್ಷಸ ಮತ್ತೆ ಕೆಳಗಿಳಿದಿದೆ. ವಿಮಾನಗಳು ಹದ್ದಿಗಿಂತ ಜೋರಾಗಿ ಹಾರತೊಡಗಿವೆಯಂತೆ, ಸೈನ್ಯದವರಿಗೆ ನಿದ್ದೆ ಕೆಟ್ಟಿದೆ. ಹೊಸ ಗನ್ನಿನ ಒಡಲು ಒಂದೇ. ಗುಂಡಿನ ಪಟ್ಟಿಯನ್ನು ಎಡದಿಂದಾದರೂ ಉಣಿಸಬಹುದು, ಬಲದಿಂದಾದರೂ ಉಣಿಸಬಹುದು. ವಿಮಾನದಲ್ಲಿ ಕೂರಿಸಲು ಹಗುರ ನಳಿಗೆ, ನೆಲದಿಂದ ಆಕಾಶಕ್ಕೆ ಹೊಡೆಯಲು ಸುತ್ತಲೂ ನೀರು ತುಂಬಿದ ಕವಚದೊಳಗೆ ಉದ್ದ ನಳಿಗೆ. ಆ ಉದ್ದ ನಳಿಗೆ ನನ್ನದು. ಅದಕ್ಕಾಗಿ ನನ್ನ ಮೇಜನ್ನೇ ಬೆಳೆಸಬೇಕಾಯಿತು. ಅರ್ಧ ಕಾರ್ಖಾನೆಗೆ ಬೀಗ ಬಿದ್ದಿದೆ, ಉಳಿದ ಅರ್ಧ ಈ ಗನ್ನನ್ನು ನಂಬಿ ಕೂತಿದೆ.

ಡಿಸೆಂಬರ್ 6, ಮಂಗಳವಾರ

ಕೆಟ್ಟ ದಿನ.

ಮೊದಲ ಕಂತಿನ ನಳಿಗೆಗಳನ್ನು ಕಾರ್ಖಾನೆಯ ಪರೀಕ್ಷೆಯ ಹೊಂಡದಲ್ಲಿ ಹಾರಿಸಿ ನೋಡಿದರು. ಎಲ್ಲದಕ್ಕೂ ಒಂದೇ ರೋಗ. ನಳಿಗೆ ತಣ್ಣಗಿರುವಾಗ ಗುಂಡು ಎಡಕ್ಕೆ ಹೋಗುತ್ತದೆ, ಕಾದಂತೆಲ್ಲ ನಡುವಿಗೆ ಸರಿಯುತ್ತದೆ. ಓಡುವ ವಿಮಾನಕ್ಕೆ ಹೊಡೆಯುವವನು ನಳಿಗೆ ಕಾಯಲಿ ಎಂದು ಕಾಯುತ್ತ ನಿಲ್ಲುತ್ತಾನೆಯೆ? ಮೇಲ್ವಿಚಾರಕ ಲಾಕ್‌ವುಡ್ ನನ್ನ ಕಿಟಕಿಗೆ ಬಂದು, "ಏನಾಗ್ತಿದೆ ಥ್ರಾಲ್?" ಎಂದರು.

ಇದ್ದದ್ದನ್ನು ಹೇಳಿದೆ. ಮೊದಲು ಹತ್ತರಲ್ಲಿ ಎರಡೋ ಮೂರೋ ನಳಿಗೆ ತಿದ್ದಬೇಕಾಗುತ್ತಿತ್ತು, ಈಗ ಬರುವುದೆಲ್ಲವೂ ಸೊಟ್ಟ. ನಾನು ನೇರ ಮಾಡಿ ಕಳಿಸುತ್ತೇನೆ, ಬಿಸಿಯಾದಾಗ ಅಲುಗುತ್ತದೆ. ಉಕ್ಕಿನ ಹದ ಕೆಟ್ಟಿದೆ ಎಂದೆ. ಅವರು ತಲೆಯಾಡಿಸಿ ಸೀದಾ ಕುಲುಮೆಯ ಕಡೆ ನಡೆದರು.

ಮಧ್ಯಾಹ್ನ ಎಂದಿನಂತೆ ಕುಲುಮೆಯ ಬೆಚ್ಚಗಿನ ಗೋಡೆಗೊರಗಿ ಬ್ರೋನೆಕ್ ಜತೆ ಬುತ್ತಿ ಬಿಚ್ಚಿದೆ. ಅವನ ಹೆಂಡತಿ ಮಾಡಿದ ಎಲೆಕೋಸಿನ ಕಡುಬು ನನಗೆ, ಹೆಪ್ಸಿಯ ಬೀನ್ಸ್ ಹಚ್ಚಿದ ಬ್ರೆಡ್ಡು ಅವನಿಗೆ. ಇವತ್ತು ಅವನು ಬ್ರೆಡ್ಡು ಮುಟ್ಟಲಿಲ್ಲ.

"ಆರಿನ್, ನನ್ನ ಹದ ತಪ್ಪಿದ್ರೆ ನಳಿಗೆ ಕಾದ ಮೇಲೆ ಸೊಟ್ಟ ಆಗ್ಬೇಕು. ಇದು ಕಾದ ಮೇಲೆ ನೆಟ್ಟಗಾಗ್ತಾ ಇದೆ. ಯೋಚ್ನೆ ಮಾಡಿದ್ಯಾ?"

"ನಲವತ್ತು ವರ್ಷ ಆಯ್ತಪ್ಪ ನಾನು ನಳಿಗೆ ನೋಡೋಕೆ ಶುರು ಮಾಡಿ. ನನಗೆ ಪಾಠ ಹೇಳ್ಬೇಡ."

"ಪಾಠ ಅಲ್ಲ ಮಾರಾಯ. ಕೇಳ್ತಾ ಇದೀನಿ."

"ಹಾಗಾದ್ರೆ ನಿನ್ನ ಕುಲುಮೆನ ಕೇಳು."

ಎದ್ದು ಹೋದ. ನಾನೂ ಎದ್ದೆ. ಕಡುಬು ಅಲ್ಲೇ ಉಳಿಯಿತು.

ಜನವರಿ 9, 1933, ಸೋಮವಾರ

ಎರಡನೇ ಕಂತಿಗೂ ಅದೇ ರೋಗ. ಲಾಕ್‌ವುಡ್ ಎಲ್ಲರೆದುರಿಗೇ ಬ್ರೋನೆಕ್‌ಗೆ ಹೇಳಿದರು: ಮಾರ್ಚಿನಲ್ಲಿ ಸಮುದ್ರದಂಡೆಯಲ್ಲಿ ಸೈನ್ಯದವರ ಪರೀಕ್ಷೆ ಇದೆ, ಅಲ್ಲೂ ಹೀಗಾದರೆ ಕುಲುಮೆಗೆ ಬೇರೆಯವನು ಬರುತ್ತಾನೆ. ಈ ಚಳಿಗಾಲದಲ್ಲಿ ಕೆಲಸ ಹೋದವನಿಗೆ ಇನ್ನೊಂದು ಕೆಲಸ ಎಲ್ಲಿದೆ? ಬ್ರೋನೆಕ್‌ಗೆ ಐದು ಮಕ್ಕಳು, ಮನೆಯಲ್ಲಿ ಅತ್ತೆ ಬೇರೆ.

ಅವನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಆದರೆ ಏನು ಮಾಡಲಿ? ಸೊಟ್ಟಗಿರುವುದನ್ನು ನೆಟ್ಟಗಿದೆ ಎನ್ನಲೆ?

ಮನೆಗೆ ಬಂದು ಹೆಪ್ಸಿಗೆ ಹೇಳಿದೆ. ಅವಳು ಯುದ್ಧಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಗುಂಡಿನ ಅಳತೆ ನೋಡುತ್ತಿದ್ದವಳು, ಅವಳಿಗೆ ಬ್ರೋನೆಕ್ ಗೊತ್ತು.

"ಅವನ ಹದ ಯಾವತ್ತಾದ್ರೂ ತಪ್ಪಿತ್ತಾ?" ಎಂದಳು.

"ಮನುಷ್ಯ ಅಲ್ವಾ, ಒಂದಲ್ಲ ಒಂದಿನ ತಪ್ಪತ್ತೆ."

"ನೀನೂ ಮನುಷ್ಯನೇ ತಾನೆ?"

ಅವಳ ಜತೆ ವಾದಕ್ಕೆ ಕೂರದೆ ಉಗ್ರಾಣದ ಹಲಗೆ ಬಿಚ್ಚಿ ಸರಿಪಡಿಸಲು ಹೋದೆ. ಬಡಗಿ ಅದನ್ನು ಬಾಗಿಸಿಯೇ ಕೂರಿಸಿದ್ದಾನೆ. ಎಷ್ಟು ಸಲ ಬಿಚ್ಚಿ ಹೊಡೆದರೂ ಬಾಗಿಯೇ ಕಾಣುತ್ತದೆ. ಈಗ ಜಾಡಿಗಳು ಜಾರಿ ಬೀಳುತ್ತವೆ ಎಂದು ಅವಳ ಗೊಣಗಾಟ ಬೇರೆ.

ಜನವರಿ 20, ಶುಕ್ರವಾರ

ಹಿಮ. ಬಂದ ನಳಿಗೆಗಳೆಲ್ಲ ಸೊಟ್ಟ. ಬುತ್ತಿಯನ್ನು ಕಿಟಕಿಯ ಹತ್ತಿರ ಒಬ್ಬನೇ ತಿಂದೆ.

ಫೆಬ್ರವರಿ 2, ಗುರುವಾರ

ಬ್ರೋನೆಕ್ ನನ್ನ ಮೇಜಿಗೆ ಬಂದಿದ್ದ. ಡಿಸೆಂಬರ್ ಆದ ಮೇಲೆ ಇದೇ ಮೊದಲು. ಹೆಗಲ ಮೇಲೆ ಒಂದು ನಳಿಗೆ.

"ಇದನ್ನೊಂದು ನೋಡ್ತೀಯಾ?"

ಕಿಟಕಿಗೆ ಹಿಡಿದೆ. ನೆರಳು ನಡುವಿನಲ್ಲಿ ಚೆನ್ನಾಗಿಯೇ ಬಳುಕಿತು. "ಸೊಟ್ಟ. ಯಾರಪ್ಪ ಇದನ್ನ ತಿದ್ದಿದ ಪುಣ್ಯಾತ್ಮ?" ಎಂದೆ.

"ಸರಿಯಾಗಿ ನೋಡಿದ್ಯಾ?"

"ಕುರುಡನಿಗೂ ಕಾಣತ್ತೆ."

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ "ಸರಿ ಬಿಡು" ಎಂದು ನಳಿಗೆಯನ್ನು ಹೊತ್ತುಕೊಂಡು ಹೋದ. ಹಳೆಯ ಮಾಲಿರಬೇಕು. ಅದಕ್ಕೆ ಅಂಟಿಕೊಂಡಿದ್ದ ಗೋಣಿಯ ಎಳೆ ನನ್ನ ತೋಳಿಗೂ ಹತ್ತಿತ್ತು.

ಅವನ ಜತೆ ಎರಡು ಮಾತಾಡಿದ್ದು ಯಾಕೋ ಹಿತವಾಯಿತು. ಮೊದಲೆಲ್ಲ ಪರೀಕ್ಷೆಯ ಹಿಂದಿನ ದಿನ ಇಬ್ಬರೂ ನದಿಗೆ ಹೋಗಿ ಮೀನು ಹಿಡಿಯುತ್ತಿದ್ದೆವು. ಅವನು ಪೋಲಿಷ್ ಹಾಡು ಹೇಳಿ ಇದ್ದಬದ್ದ ಮೀನನ್ನೆಲ್ಲ ಓಡಿಸುತ್ತಿದ್ದ. ಆದರೂ ಅವನ ಮನೆಗೆ ನಾನು ಒಮ್ಮೆಯೂ ಹೋಗಿಲ್ಲ. ರೈಲುಹಳಿಯ ಆಚೆ ಅವರ ಕೇರಿ, ಈಚೆ ನಮ್ಮದು. ಯಾಕೆ ಹೋಗಲಿಲ್ಲವೋ, ಯಾರೂ ಬೇಡ ಎಂದಿರಲಿಲ್ಲ.

ಮಾರ್ಚ್ 14, ಮಂಗಳವಾರ

ಹೊತ್ತು ಮೀರಿದೆ. ಆದರೂ ಇವತ್ತಿನದನ್ನು ಬಿಡದೆ ಬರೆಯಬೇಕು.

ಬೆಳಿಗ್ಗೆ ಲಾರಿಯಲ್ಲಿ ಸಮುದ್ರದಂಡೆಗೆ ಹೋದೆವು. ಲಾಕ್‌ವುಡ್ ನನ್ನನ್ನೂ ಬ್ರೋನೆಕ್‌ನನ್ನೂ ಕರೆದೊಯ್ದಿದ್ದರು. ಇನ್ನೊಂದು ಕಾರ್ಖಾನೆಯ ಗನ್ನೂ ಬಂದಿತ್ತು. ಸೈನ್ಯದ ಕ್ಯಾಪ್ಟನ್ ಎಮೆರಿ ಎಂಬವರು ಪದ್ಧತಿಯಂತೆ ಗುಂಡಿನ ಮೂತಿಗಳನ್ನು ಬಣ್ಣದಲ್ಲಿ ಅದ್ದಿಸಿದರು. ನಮ್ಮದು ಕೆಂಪು, ಅವರದು ನೀಲಿ. ವಿಮಾನವೊಂದು ಉದ್ದನೆಯ ಬಟ್ಟೆಯ ಚೀಲವನ್ನು ತಂತಿಗೆ ಕಟ್ಟಿ ಎಳೆದುಕೊಂಡು ಹೋಗುತ್ತದೆ. ಎಲ್ಲರೂ ಅದಕ್ಕೆ ಹೊಡೆಯುತ್ತಾರೆ. ಚೀಲ ಕೆಳಗೆ ಬಿದ್ದ ಮೇಲೆ ತೂತಿನ ಅಂಚಿನ ಬಣ್ಣ ನೋಡಿದರೆ ಯಾರ ಗುಂಡು ತಾಗಿದೆ ಎಂದು ತಿಳಿಯುತ್ತದೆ.

ಎತ್ತರದ ಮೂರುಗಾಲಿನ ಮೇಲೆ ನಮ್ಮ ಗನ್ ಆಕಾಶಕ್ಕೆ ಮೂತಿ ಚಾಚಿ ನಿಂತಿತ್ತು. ಒಬ್ಬ ಸೈನಿಕ ಹಿಂದಕ್ಕೆ ಬಾಗಿ ಅದರ ಹಿಡಿಗಳಿಗೆ ಜೋತುಬಿದ್ದಿದ್ದ, ಇನ್ನೊಬ್ಬ ಕವಚಕ್ಕೆ ನೀರು ಹೊಡೆಯುತ್ತಿದ್ದ. ಚೆಂದವಾಗಿತ್ತು. ಹದಿನೆಂಟನೇ ಇಸವಿಯಲ್ಲಿ ಅದು ದನದ ಕೊಟ್ಟಿಗೆಯ ಸಾಮಾನಿನಂತಿತ್ತು.

ವಿಮಾನ ಸಮುದ್ರದ ಮೇಲೆ ಬಂತು. ನಾನು ಎಡಗಣ್ಣು ಮುಚ್ಚಿ ನೋಡಿದೆ. ಚೀಲ ಎಳೆಯುವ ತಂತಿ ನಡುವಿನಲ್ಲಿ ಬಾಗಿತ್ತು. "ಕ್ಯಾಪ್ಟನ್, ನಿಮ್ಮ ತಂತಿ ಮುರುಟಿಕೊಂಡಿದೆ, ಹೀಗಿದ್ದರೆ ಚೀಲ ನೆಟ್ಟಗೆ ಬರಲ್ಲ" ಎಂದೆ. ಅವರು ದುರ್ಬೀನಿನಲ್ಲಿ ನೋಡಿ, "ಯಾವ ತಂತಿ? ನೆಟ್ಟಗಿದೆಯಲ್ಲ" ಎಂದರು. ಪಕ್ಕದ ಸೈನಿಕರೂ ನೋಡಿದರು. ಒಬ್ಬ ನಕ್ಕ.

ಆಗ ಬ್ರೋನೆಕ್ ನನ್ನ ಹಿಂದೆ ಬಂದು ನಿಂತು, ಇದ್ದಿಲ ವಾಸನೆಯ ತನ್ನ ಅಂಗೈಯಿಂದ ನನ್ನ ಬಲಗಣ್ಣನ್ನು ಮುಚ್ಚಿದ.

"ಈಗ ಇನ್ನೊಂದನ್ನ ತೆಗೆದು ನೋಡು."

ಎಡಗಣ್ಣು ತೆರೆಯಲು ಸ್ವಲ್ಪ ಹೊತ್ತು ಬೇಕಾಯಿತು. ತಂತಿ ನೆಟ್ಟಗಿತ್ತು. ದೂರದ ಹಡಗುಗಳ ಕಂಬಗಳು ನೆಟ್ಟಗಿದ್ದವು. ಅವನು ಅಂಗೈ ತೆಗೆದ. ಎಡಗಣ್ಣು ಅಭ್ಯಾಸದಂತೆ ಮುಚ್ಚಿಕೊಂಡಿತು. ಎಲ್ಲವೂ ಮತ್ತೆ ಬಳುಕಿದವು.

ಅಷ್ಟರಲ್ಲಿ ಗನ್ ಗುಂಡು ಹಾರಿಸತೊಡಗಿತು. ನಾನು ಮರಳ ಮೇಲೆ ಕೂತುಬಿಟ್ಟೆ. ಚೀಲ ಬಿದ್ದಾಗ ಅದರ ತುಂಬ ನೀಲಿ ಅಂಚಿನ ತೂತುಗಳು, ಕೆಂಪು ಅಲ್ಲೊಂದು ಇಲ್ಲೊಂದು. ಲಾಕ್‌ವುಡ್ ಬ್ರೋನೆಕ್ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಹಿಂದಿರುಗುವಾಗ ಲಾರಿಯ ಹಿಂಬದಿಯಲ್ಲಿ ನಾವಿಬ್ಬರೇ.

"ನಿನಗೆ ಯಾವಾಗಿಂದ ಗೊತ್ತು?" ಎಂದೆ.

"ಫೆಬ್ರವರಿಯಿಂದ. ನಾನು ತಂದು ತೋರ್ಸಿದ್ದು ಅಟ್ಟದ ಮೇಲಿನ ಹಳೇ ಗನ್ನಿನ ನಳಿಗೆ. ಯುದ್ಧ ನಿಂತ ದಿನ ಹಾರಿಸಿದ್ವಲ್ಲ, ಅದು. ನೀನೇ ತಿದ್ದಿದ್ದು. ಅದಕ್ಕಿಂತ ನೆಟ್ಟಗಿರೋ ನಳಿಗೆ ಈ ಕಣಿವೆಯಲ್ಲಿ ಇಲ್ಲ. ನೀನು ಸೊಟ್ಟ ಅಂದೆ."

"ಗೊತ್ತಿದ್ದೂ ಯಾಕೋ ಬಾಯಿ ಮುಚ್ಕೊಂಡಿದ್ದೆ?"

"ಏನಂತ ಹೇಳ್ಲಿ? ನಿನ್ನ ಕಣ್ಣು ಹೋಯ್ತು, ಕಿಟಕಿ ಬಿಟ್ಟು ಏಳು ಅಂತಲಾ? ಕುಲುಮೆ ಎಲ್ಲಾದ್ರೂ ಇನ್ನೊಂದು ಸಿಗತ್ತೆ ನನಗೆ. ನಿನಗೆ ಏನು ಸಿಗತ್ತೆ?"

ಯಾವ ಕುಲುಮೆಯೂ ಸಿಗುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಚಿಕೆಯಿಂದ ಸತ್ತುಹೋದೆ.

ಮಾರ್ಚ್ 15, ಬುಧವಾರ

ಯಾರೂ ಬರುವ ಮೊದಲೇ ಕಾರ್ಖಾನೆಗೆ ಹೋದೆ. ನಾನು ತಿದ್ದಿ ಇಟ್ಟಿದ್ದ ನಳಿಗೆಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ಎಡಗಣ್ಣಲ್ಲಿ ನೋಡಿದೆ. ಎಲ್ಲವೂ ಬಾಗಿದ್ದವು, ಎಲ್ಲವೂ ಒಂದೇ ಕಡೆಗೆ. ಬ್ರೋನೆಕ್ ನೆಟ್ಟಗೆ ಮಾಡಿ ಕಳಿಸಿದ್ದನ್ನು ನಾನು ನನ್ನ ಕಣ್ಣಿಗೆ ಸರಿಯಾಗಿ ಬಾಗಿಸುತ್ತಿದ್ದೆ. ಗುಂಡು ಹಾರಿ ಹಾರಿ ಕಾದಾಗ ಅವು ಅವನು ಕೊಟ್ಟ ಹದಕ್ಕೆ ಮರಳುತ್ತಿದ್ದವು, ಅಷ್ಟೇ.

ಇನ್ನು ಎಡಗಣ್ಣಿನಿಂದಲೇ ಕೆಲಸ ಮಾಡಿದರಾಯಿತೆಂದು ಒಂದು ನಳಿಗೆ ಒತ್ತಿ ನೋಡಿದೆ. ನೆರಳು ಬಳುಕಿದ್ದು ಅದಕ್ಕೆ ಕಾಣುತ್ತದೆ. ಆದರೆ ಎಲ್ಲಿ, ಎಷ್ಟು ಒತ್ತಬೇಕೆಂದು ಅದಕ್ಕೆ ಏನೂ ಗೊತ್ತಿಲ್ಲ. ನಲವತ್ತು ವರ್ಷ ಮಲಗಿದ್ದ ಕಣ್ಣು. ನಳಿಗೆ ಇನ್ನಷ್ಟು ಕೆಟ್ಟಿತು.

ಆಮೇಲೆ ಲಾಕ್‌ವುಡ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ನೀರು ತರಿಸಿಕೊಟ್ಟರು.

"ನೋಡಿ ಥ್ರಾಲ್, ಇದು ಈ ಕೋಣೆಯಲ್ಲೇ ಇರಲಿ. ಕುಲುಮೆಯಲ್ಲಿ ದೋಷ ಇತ್ತು, ಆಳು ಬದಲಾಯಿಸಿದ್ವಿ ಅಂತ ಸೈನ್ಯಕ್ಕೆ ಬರೀತೀನಿ. ಅವರಿಗೂ ಅದೇ ಅನುಮಾನ ಇದೆ. ನೀವು ಬೇಸಿಗೆವರೆಗೆ ಕಿಟಕಿ ಹತ್ರ ಸುಮ್ನೆ ಕೂತಿರಿ, ತಿದ್ದೋಕೆ ಇನ್ನೊಬ್ಬನ್ನ ತರಿಸ್ತೀನಿ. ಜೂನ್‌ನಲ್ಲಿ ಎಲ್ಲರೂ ಸೇರಿ ಊಟ ಹಾಕಿ, ಗೌರವದಿಂದ ಕಳಿಸ್ಕೊಡ್ತೀವಿ."

"ಕುಲೇಶಾ?"

"ಅವನನ್ನ ತೆಗೀಲೇಬೇಕಾಗತ್ತೆ. ಯಾರದ್ದಾದ್ರೂ ಹೆಸರು ಬರೀಬೇಕಲ್ಲ."

ಒಂದು ಗಳಿಗೆ ನನಗೆ ಆಸೆಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಆ ಊಟ ನನ್ನ ಕಣ್ಣ ಮುಂದೆ ಬಂತು. ಕಸುಬು ಕಲಿಸಿದ ನನ್ನ ಗುರುವಿಗೆ ಹಾಕಿದ್ದರು ಅಂಥದನ್ನು. ಕಾರ್ಖಾನೆಯ ಬ್ಯಾಂಡು ಬಾರಿಸಿತ್ತು, ಅವರ ಹೆಂಡತಿ ಅತ್ತಿದ್ದಳು. ಹೆಪ್ಸಿಗೂ ಹೊಸ ಟೋಪಿ ಕೊಡಿಸಬೇಕೆಂದು ನಾನು ಎಂದೋ ಲೆಕ್ಕ ಹಾಕಿಕೊಂಡಿದ್ದೆ.

"ನನ್ನ ಹೆಸರು ಬರೀರಿ, ಸಾರ್" ಎಂದೆ. "ನಳಿಗೆ ತಿದ್ದೋನ ಕಣ್ಣು ಕೆಟ್ಟಿತ್ತು ಅಂತ ಬರೀರಿ."

"ಹಾಗೆ ಬರೆದ್ರೆ ಇವತ್ತೇ ನಿಮ್ಮನ್ನ ಮನೆಗೆ ಕಳಿಸ್ಬೇಕಾಗತ್ತೆ. ಕುರುಡನ್ನ ಕೂರ್ಸಿಕೊಂಡು ನಳಿಗೆ ತಿದ್ದಿಸ್ತಿದ್ರಾ ಅಂತ ಸೈನ್ಯದವರು ನಗ್ತಾರೆ. ಊಟ ಗೀಟ ಏನೂ ಇರಲ್ಲ."

"ನಗಲಿ. ನೀವು ಕುಲುಮೆಯವನ್ನ ಬದಲಾಯಿಸಿದ್ರೆ, ಇವನಷ್ಟು ಚೆನ್ನಾಗಿ ಹದ ಕೊಡೋನು ನಿಮಗೆ ಸಿಗಲ್ಲ. ಆಗ ನಿಜವಾಗ್ಲೂ ಸೊಟ್ಟ ನಳಿಗೆ ಬರತ್ತೆ. ನನ್ನ ಬದಲಾಯಿಸಿ, ನಾಳೆಯಿಂದ್ಲೇ ಸರಿಹೋಗತ್ತೆ. ಕ್ಯಾಪ್ಟನ್ ಮುಂದೆ ಬೇಕಿದ್ರೆ ನಾನೇ ಹೇಳ್ತೀನಿ."

ಅವರು ಕಾಗದ ತೆಗೆದುಕೊಂಡು ಬರೆದರು. ನಾನು ಸಹಿ ಹಾಕಿದೆ. ಗೆರೆಯ ಮೇಲೆಯೇ ಹಾಕಿದೆನೋ ಇಲ್ಲವೋ, ಆ ದೇವರೇ ಬಲ್ಲ.

ಏಪ್ರನ್ ಕಳಚಿ ಹೊರಟಾಗ ಅಂಗಳದಲ್ಲಿ ಬ್ರೋನೆಕ್ ಅಡ್ಡ ನಿಂತ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಮುಟ್ಠಾಳ," ಎಂದ. "ನಿನ್ನನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ. ದಾರಿ ಬಿಡು, ಕುಲುಮೆ ಆರಿಹೋಗತ್ತೆ."

ಅವನು ದಾರಿ ಬಿಡಲಿಲ್ಲ. ಗೇಟಿನವರೆಗೂ ಬೈಯುತ್ತ ಜತೆಗೇ ಬಂದ.

ಮಾರ್ಚ್ 29, ಬುಧವಾರ

ಮನೆಯಲ್ಲಿ ಕೂತು ಮಾಡುವುದೇನಿದೆ? ಹೆಪ್ಸಿಗೆ ನೂಲು ಸುತ್ತಿಕೊಟ್ಟೆ. ಉಗ್ರಾಣದ ಹಲಗೆಯನ್ನು ಅವಳು ಹೇಳಿದಂತೆ ಕೂರಿಸಿದೆ. ಮಧ್ಯಾಹ್ನ ಹುಲ್ಲುಗಾವಲಿನ ಕಡೆಯಿಂದ ಗನ್ನಿನ ಸದ್ದು ಬಂತು, ಉದ್ದನೆಯ ಸದ್ದು, ಎಲ್ಲೂ ತಡವರಿಸಲಿಲ್ಲ. ಕಿಟಕಿಗೆ ಯಾರನ್ನೋ ತರಿಸಿದ್ದಾರಂತೆ. ಗಾಜು ತೊಳೆಯುತ್ತಾನೋ ಇಲ್ಲವೋ. ಕೇಳುತ್ತ ಅಂಗಳದಲ್ಲಿ ನಿಂತಿದ್ದೆ, ತಣ್ಣಗಾದ ಕಾಫಿ ಕುಡಿದೆ.

ಏಪ್ರಿಲ್ 16, ಭಾನುವಾರ

ಈಸ್ಟರ್. ಚರ್ಚು ಮುಗಿಸಿ ಬಂದಾಗ ಬ್ರೋನೆಕ್ ನಮ್ಮ ಮೆಟ್ಟಿಲ ಮೇಲೆ ಕೂತಿದ್ದ, ಹಬ್ಬದ ಕೋಟು ಹಾಕಿಕೊಂಡು. "ಏಳು, ಹೆಪ್ಸೀನೂ ಕರ್ಕೋ. ನಮ್ಮನೇಲಿ ಊಟ ಆರಿಹೋಗ್ತಾ ಇದೆ" ಎಂದ. ಏನೋ ನೆಪ ಹೇಳಲು ಹೊರಟೆ. ಹೆಪ್ಸಿ ಆಗಲೇ ಅವನ ಜತೆ ಬೀದಿಗಿಳಿದಿದ್ದಳು. ಹಿಂದೆ ನಡೆದೆ. ರೈಲುಹಳಿ ದಾಟಲು ಎರಡೇ ಹೆಜ್ಜೆ ಸಾಕು.

ಸಣ್ಣ ಮನೆ, ತುಂಬ ಜನ. ಮಕ್ಕಳು, ಸೋದರರು, ಅವರ ಹೆಂಡಂದಿರು. ಮೇಜಿನ ಮೇಲೆ ಹಂದಿಯ ಸಾಸೇಜು, ಮೂಲಂಗಿಯ ಖಾರದ ಗೊಜ್ಜು, ಸಿಹಿ ರೊಟ್ಟಿ. ಹಿಂದಿನ ದಿನ ಚರ್ಚಿಗೆ ಒಯ್ದು ಮಂತ್ರಿಸಿ ತಂದ ಮೊಟ್ಟೆಗಳು ಬುಟ್ಟಿಯಲ್ಲಿದ್ದವು. ಆ ಮೊಟ್ಟೆ ಹಂಚದೆ ಯಾರೂ ಊಟ ಶುರು ಮಾಡುವಂತಿಲ್ಲವಂತೆ. ಬ್ರೋನೆಕ್‌ನ ಅತ್ತೆ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ಚಾಕು ಹಿಡಿದು ಕೂತಿದ್ದಳು. ಅವಳಿಗೆ ನಮ್ಮ ಮಾತು ಬರುವುದಿಲ್ಲ. ಚಾಕುವಿನಿಂದಲೇ ನನ್ನ ಕಡೆ ತೋರಿಸಿ ಏನೋ ಕೇಳಿದಳು. ಬ್ರೋನೆಕ್ ಏನೋ ಹೇಳಿದ. ಮನೆಯೆಲ್ಲ ನಕ್ಕಿತು. ನನ್ನ ಮುಖ ಬಿಸಿಯಾಯಿತು.

"ಏನಂದೆ?"

"ನೀನು ಯಾರು ಅಂತ ಕೇಳಿದ್ಲು. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದೋನು ಇವ್ನೇ ಅಂದೆ."

"ಸರಿಯಾಗೇ ಹೇಳ್ದೆ. ಅಷ್ಟೇನಾ?"

"ಇನ್ನೂ ಸ್ವಲ್ಪ ಇದೆ. ಕೊನೆಗೆ ತನ್ನ ಹೊಟ್ಟೆ ಮೇಲೇ ಹೊಡ್ಕೊಂಡ ಅಂದೆ."

ಮುದುಕಿ ನಗಲಿಲ್ಲ. ಮೊಟ್ಟೆಯನ್ನು ಹೋಳು ಮಾಡಿ, ಮನೆಯ ಯಜಮಾನನಿಗೆ ಕೊಡಬೇಕಾದ ಮೊದಲ ಹೋಳನ್ನು ಅವನ ಕೈ ದಾಟಿಸಿ ನನ್ನ ಅಂಗೈಯಲ್ಲಿಟ್ಟಳು. ಬ್ರೋನೆಕ್ ನೀಡಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸಿದ. ಎಲ್ಲರೂ ನಾನು ತಿನ್ನಲೆಂದು ಕಾಯುತ್ತಿದ್ದರು. ತಿಂದೆ. ಹೆಪ್ಸಿ ನನ್ನ ಬೆನ್ನು ಸವರುತ್ತಿದ್ದಳು.